ಬೀಗರ ಅಂಗಳದ ಸಂಜೆಮಲ್ಲಿಗೆ

ನಂಬಬೇಡ ಬಿಡು. ನಂಬು ಅಂತ ನಾನೇನು ನಿನ್ನ ಕಾಲು ಹಿಡಿದೆನೇ? ಬಿತ್ತದೆ, ನೀರು ಹಾಕದೆ, ಯಾರೂ ಕರೆಯದೆ ತಾನಾಗಿ ಹುಟ್ಟಿದ ಗಿಡಕ್ಕೆ ಅರವತ್ತು ದಾಟಿದ ಗಂಡಸು ಹೊಟ್ಟೆ ಉರಿದುಕೊಂಡ ಎಂದರೆ ನಿನಗೆ ನಗು ಬರುತ್ತದೆ. ಹೊಲಕ್ಕೆ ಉರಿದುಕೊಳ್ಳಬಹುದು, ಮನೆಗೆ ಉರಿದುಕೊಳ್ಳಬಹುದು, ಪಕ್ಕದವನ ಹೊಸ ಬೈಕಿಗೆ ಉರಿದುಕೊಳ್ಳಬಹುದು, ಕಸದ ಗಿಡಕ್ಕೆ ಯಾರು ಉರಿದುಕೊಳ್ಳುತ್ತಾರೆ ತಾತ ಅಂತೀಯ. ಬೇಗೂರಿನ ರಾಚಯ್ಯನನ್ನು ನೀನು ನೋಡಿಲ್ಲ, ಅದಕ್ಕೇ ಹೀಗೆ ಮಾತಾಡುತ್ತೀಯ. ಅವನ ಹೊಟ್ಟೆಯಲ್ಲಿ ಹೊತ್ತಿದ ಉರಿಗೆ ಒಂದು ಹಂಡೆ ಇಟ್ಟಿದ್ದರೆ ಬೇಗೂರಿಗೆಲ್ಲ ಬಿಸಿನೀರಿನ ಸ್ನಾನ ಆಗುತ್ತಿತ್ತು.

ಮೊದಲು ಅವನ ಕೈ ಎಂಥದು ಅಂತ ಕೇಳು. ಹತ್ತು ವರ್ಷಕ್ಕೇ ಅವ್ವನ ಜೊತೆ ಕಂಡವರ ರಾಗಿ ಹೊಲಕ್ಕೆ ಕಳೆ ಕೀಳಲು ಹೋದವನು. ಬೇರೆಯವರು ಒಂದು ಸಾಲು ಮುಗಿಸುವಷ್ಟರಲ್ಲಿ ಇವನು ಮೂರು ಮುಗಿಸಿ, ನಾಲ್ಕನೆಯದರ ತುದಿಯಲ್ಲಿ ಕೂತು ಅವ್ವನ ಎಲೆಅಡಿಕೆ ಕದ್ದು ಜಗಿಯುತ್ತಿದ್ದನಂತೆ. ದೊಡ್ಡವನಾದ ಮೇಲೆ ರಸ್ತೆ ಇಲಾಖೆಯಲ್ಲಿ ಗ್ಯಾಂಗ್‌ಮನ್ ಕೆಲಸ ಸಿಕ್ಕಿತು. ಬೇಗೂರಿನಿಂದ ಗುಂಡ್ಲುಪೇಟೆವರೆಗೆ ಊಟಿ ರಸ್ತೆಯ ಎರಡೂ ಮಗ್ಗುಲಿನ ಹುಲ್ಲು, ಪೊದೆ, ಪಾರ್ಥೇನಿಯಂ ಎಲ್ಲವೂ ಅವನ ಪಾಲಿಗೆ ಬಂತು. ಮೂವತ್ತೊಂದು ವರ್ಷ ಕಿತ್ತ. ಒಂದು ಸಲ ಮೈಸೂರಿನಿಂದ ಬಂದ ಸಾಹೇಬರಿಗೆ ದಾರಿಯಲ್ಲಿ ಒಂದಕ್ಕೆ ಅವಸರವಾಯಿತು. ಜೀಪು ನಿಲ್ಲಿಸಿ ಮರೆ ಹುಡುಕಿದರು. ಮೊಣಕಾಲೆತ್ತರದ ಪೊದೆಯೂ ಇಲ್ಲ. ಗುಂಡ್ಲುಪೇಟೆ ಸೇರುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದ ಅವರು ಅಲ್ಲಿ ಇಳಿದವರೇ ರಾಚಯ್ಯನಿಗೆ ಪ್ರಶಂಸಾ ಪತ್ರ ಬರೆಸಿದರು. ಇನ್ನೊಂದು ಸಲ ಬಂಡೀಪುರದ ಕಡೆಯಿಂದ ಒಂಟಿ ಆನೆಯೊಂದು ರಸ್ತೆ ಹಿಡಿದು ಬಂತು. ಒಂದು ಗರಿಕೆ ಸಿಗಲಿಲ್ಲ. ಹಿಂದಿರುಗಿ ಹೋಗಿ ಮಿಕ್ಕ ಆನೆಗಳಿಗೂ ಹೇಳಿತು. ಸುಳ್ಳು ಅನ್ನುವುದಾದರೆ ಈಗಲೇ ಬೇಗೂರಿಗೆ ಹೋಗಿ ನೋಡು, ಬಸ್ ನಿಲ್ದಾಣದಲ್ಲಿ ಒಂದಾದರೂ ಆನೆ ನಿಂತಿದೆಯಾ?

ಅಂಥವನು ನಿವೃತ್ತನಾಗಿ ಮನೆ ಸೇರಿದ. ಮನೆಯ ಮುಂದೆ ಎರಡು ಎತ್ತಿನ ಗಾಡಿ ತಿರುಗುವಷ್ಟು ಜಾಗ. ಅಲ್ಲಿ ಹೂದೋಟ ಮಾಡುತ್ತೇನೆ ಎಂದ. ರಸ್ತೆ ಅಳೆಯುವ ದಾರ ತಂದು ಗೂಟಕ್ಕೆ ಕಟ್ಟಿದ, ಸಾಲು ಎಳೆದ, ಸಾಲಿನ ಅಂಚಿಗೆ ಸುಣ್ಣ ಬಳಿದ ಕಲ್ಲು ನೆಟ್ಟ. ಗುಂಡ್ಲುಪೇಟೆ ನರ್ಸರಿಯಿಂದ ಗುಲಾಬಿ, ಸೇವಂತಿಗೆ, ಡೇಲಿಯಾ ತಂದು ಗೇಣು ಗೇಣಿಗೆ ಒಂದರಂತೆ ನಿಲ್ಲಿಸಿದ. ಪೆರೇಡಿಗೆ ನಿಂತ ಪೊಲೀಸರ ಹಾಗೆ ನಿಂತವು. ಆಮೇಲೆ ಒಂದೊಂದಾಗಿ ತಲೆತಿರುಗಿ ಬಿದ್ದವು. ದಿನಕ್ಕೆ ಮೂರು ಸಲ ಬುಡ ಕೆದಕಿದರೆ ಯಾವ ಗಿಡ ತಾನೇ ಬದುಕೀತು? ನೀನು ಉಣ್ಣುವಾಗ ಯಾರಾದರೂ ನಿನ್ನ ತಟ್ಟೆಯನ್ನು ಮೂರು ಸಲ ಎಳೆದು ನೋಡಿದರೆ ನಿನಗೆ ಅನ್ನ ಇಳಿಯುತ್ತದಾ?

ಅದೇ ಅಂಗಳದಲ್ಲಿ ತಾವಾಗಿ ಹುಟ್ಟುವವೂ ಇದ್ದವು. ಒಂದು ಮಳೆ ಬಿದ್ದರೆ ಸಾಕು, ಕರ್ಣಕುಂಡಲ, ಚೆಂಡುಹೂ, ಕನಕಾಂಬರ, ಸಂಜೆಮಲ್ಲಿಗೆ ಎಲ್ಲ ಎರಡೆಲೆ ಬಿಟ್ಟು ಕಣ್ಣು ಬಿಡುತ್ತಿದ್ದವು. ರಾಚಯ್ಯನ ಶಾಸನ ಒಂದೇ ಸಾಲಿನದು. ತಾನು ನೆಟ್ಟಿದ್ದು ಗಿಡ, ತಾನಾಗಿ ಬಂದದ್ದು ಕಳೆ. ಎರಡೆಲೆಯಲ್ಲೇ ಕೆರೆದು ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿಯುತ್ತಿದ್ದ. ಮೂಲೆಯಲ್ಲಿ ಕಣ್ಣು ತಪ್ಪಿಸಿ ಹೂ ಬಿಟ್ಟು ಬೀಜ ಕಟ್ಟಿದ್ದೂ ಕೊನೆಗೆ ಅಲ್ಲಿಗೇ ಹೋಗುತ್ತಿತ್ತು. ಹೆಂಡತಿ ಗುರುಮಲ್ಲಮ್ಮ ಬಾಗಿಲಲ್ಲಿ ನಿಂತು ಕೇಳುವಳು:

"ಅದು ಕನಕಾಂಬರ ಕಣಿ. ಅದ್ಯಾಕೆ ಕಿತ್ತೀರಿ?"

"ನಾನು ಇಕ್ಕಿದ್ನಾ?"

"ಇಲ್ಲ."

"ನೀನು ಇಕ್ಕಿದ್ಯಾ?"

"ಇಲ್ಲ."

"ಮತ್ತೆ ಹೇಳ್ದೆ ಕೇಳ್ದೆ ಬಂದಿರದ ಯಾಕ್ ಮಡಿಕಬೇಕು?"

"ನಿಮ್ಮಕ್ಕನೂ ಹೇಳ್ದೆ ಕೇಳ್ದೆ ಬತ್ತಾಳೆ," ಎಂದು ಹೇಳಿ ಅವಳು ಒಳಗೆ ಹೋಗುವಳು.

ಇವರಿಗೆ ಒಬ್ಬಳೇ ಮಗಳು, ಶಾಂತಿ. ಅವಳನ್ನೂ ರಾಚಯ್ಯ ಸಾಲು ಹಿಡಿದೇ ಬೆಳೆಸಿದ್ದ. ಇಷ್ಟು ಹೊತ್ತಿಗೆ ಏಳು, ಇಷ್ಟು ಹೊತ್ತಿಗೆ ಓದು, ಅವಳ ಜೊತೆ ಸೇರಬೇಡ, ಇವಳ ಜೊತೆ ನಗಬೇಡ. ಪ್ರೀತಿ ಇಲ್ಲದೆ ಅಲ್ಲ, ಇದ್ದದ್ದಕ್ಕೇ ಕೆದಕುತ್ತಿದ್ದ. ಹುಡುಗಿ ಓದಿದಳು, ಆದರೆ ಸೇವಂತಿಗೆ ಕಡ್ಡಿಯ ಹಾಗೆ ಸೊರಗಿಕೊಂಡೇ ಇದ್ದಳು. ಅವಳನ್ನು ಚಾಮರಾಜನಗರ ತಾಲ್ಲೂಕಿನ ಉಡಿಗಾಲದ ಪ್ರದೀಪನಿಗೆ ಕೊಟ್ಟರು. ಪ್ರದೀಪನ ಅಪ್ಪ ಶಾಂತರಾಜು ಶಾಲೆಯೊಂದರಲ್ಲಿ ಅಟೆಂಡರ್. ರಾಚಯ್ಯನಿಗೆ ಬೀಗರಾದವರು ಇವರೇ.

ಈ ಶಾಂತರಾಜುವಿನಷ್ಟು ಸೋಮಾರಿ ಎರಡು ತಾಲ್ಲೂಕಿನಲ್ಲಿ ಇಲ್ಲ. ಅಂಗಳದಲ್ಲಿ ಕುರ್ಚಿ ಹಾಕಿ ಕೂತರೆ ಅವರ ನೆರಳೇ ಬೇಸರವಾಗಿ ಎದ್ದು ಹೋಗಿ ಕಾಫಿ ಕುಡಿದು ಬರುತ್ತಿತ್ತು. ಒಂದು ಭಾನುವಾರ ಕೋಳಿಯೊಂದು ಅವರ ಮಡಿಲಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂತಿತಂತೆ, ಇಪ್ಪತ್ತೊಂದನೇ ದಿನಕ್ಕೆ ಮರಿ ಹೊರಗೆ ಬಂದಾಗ ಎದ್ದರಂತೆ. ಸರಿ, ಇಪ್ಪತ್ತೊಂದು ದಿನ ಬೇಡ. ಒಂದು ಮಧ್ಯಾಹ್ನ ಅಂತ ಇಟ್ಟುಕೋ.

ಮದುವೆಯಾದ ವರ್ಷ ದೀಪಾವಳಿ ಕಳೆದ ಮೇಲೆ ಮಗಳನ್ನು ನೋಡಲು ರಾಚಯ್ಯ ಉಡಿಗಾಲಕ್ಕೆ ಹೋದ. ಗೇಟು ತೆಗೆದವನು ಅಲ್ಲೇ ನಿಂತ. ಕರ್ಣಕುಂಡಲ ಕಾಲಿಡಲು ಜಾಗ ಬಿಡದ ಹಾಗೆ ಕೆಂಪು, ಬಿಳಿ, ನೇರಳೆ. ಅದರ ಹಿಂದೆ ಎದೆಯೆತ್ತರ ಚೆಂಡುಹೂ. ಬಚ್ಚಲ ನೀರು ಹರಿಯುವಲ್ಲಿ ಕನಕಾಂಬರದ ಹಿಂಡು. ಕಾಂಪೌಂಡ್ ಗೋಡೆಯೇ ಕಾಣದ ಹಾಗೆ ಸಂಜೆಮಲ್ಲಿಗೆಯ ಪೊದೆ, ಹೊತ್ತು ಇಳಿದಿದ್ದರಿಂದ ಎಲ್ಲ ಅರಳಿ ಗಮ್ಮೆನ್ನುತ್ತಿತ್ತು. ಒಂದು ಸಾಲಿಲ್ಲ, ಒಂದು ಕಲ್ಲಿಲ್ಲ. ನಡುವೆ ಕುರ್ಚಿಯಲ್ಲಿ ಬೀಗರು. ಅವರ ಪಕ್ಕದಲ್ಲಿ ಶಾಂತಿ, ತಲೆತುಂಬ ಹೂ ಮುಡಿದು, ಕೆನ್ನೆ ತುಂಬಿಕೊಂಡು, ಏನನ್ನೋ ಕೇಳಿ ಬಾಯಿ ತೆರೆದು ನಗುತ್ತಿದ್ದಾಳೆ. ಆ ನಗುವನ್ನು ರಾಚಯ್ಯ ತನ್ನ ಮನೆಯಲ್ಲಿ ಕೇಳಿರಲಿಲ್ಲ.

ಆಗ ಹೊತ್ತಿಕೊಂಡಿತು ನೋಡು.

"ಯಾವ ಗೊಬ್ಬರ ಬೀಗ್ರೇ?" ಎಂದು ಕೇಳಿದ, ಚಪ್ಪಲಿಯನ್ನೂ ಬಿಚ್ಚದೆ.

"ಗೊಬ್ಬರದ ಮಾತು ಆಮೇಲೆ ಬೀಗ್ರೇ, ಬನ್ನಿ ಕೂತ್ಕಳಿ."

"ಬೀಜ ಎಲ್ಲಿ ತಂದ್ರಿ?"

"ಅವೇ ಬತ್ತವೆ, ಅವೇ ಓಯ್ತವೆ. ನಾನ್ಯಾಕೆ ಅಡ್ಡ ಓಗನ."

ಆ ರಾತ್ರಿ ರಾಚಯ್ಯ ಬೀಗರ ಮನೆಯ ಹೋಳಿಗೆ ತಿಂದ, ಆದರೆ ಅದು ಹೊಟ್ಟೆಗೆ ಹೋಗದೆ ಎದೆಯಲ್ಲೇ ಕೂತಿತು. ನಾನು ಒಂದು ಹುಲ್ಲು ಬಿಡದೆ ದುಡಿದೆ, ನನ್ನ ಅಂಗಳ ಮೊಟ್ಟೆ ಹಾಗೆ ನುಣ್ಣಗಿದೆ. ಈ ಮನುಷ್ಯ ಕೈ ಕೂಡ ಅಲ್ಲಾಡಿಸಲಿಲ್ಲ, ಇವರಿಗೆ ನೆಲವೇ ಹೂ ಬಿಡುತ್ತದೆ. ಇದು ಯಾವ ನ್ಯಾಯ? ಊರಿಗೆ ಬಂದವನು ಇನ್ನಷ್ಟು ಕೆರೆದ.

ಯುಗಾದಿ ಕಳೆದ ಮೇಲೆ ಶಾಂತಿ ಬಸುರಿ ಎಂಬ ಸುದ್ದಿ ಬಂತು. ಬೀಗರು ಬೇಗೂರಿಗೆ ಸಿಹಿ ತಂದರು. ನಾಲ್ಕು ಜನ ನೆಂಟರು ಕೂತಿದ್ದರು. ಏಳು ತಿಂಗಳಿಗೆ ಹೂ ಮುಡಿಸುವ ಮಾತು ಎದ್ದಿತು. ನಮ್ಮ ಕಡೆ ಗೊತ್ತಲ್ಲ, ಬಸುರಿಯ ಜಡೆಗೆ ಮೊದಲ ಹೂವು ತವರಿನಿಂದ ಬರಬೇಕು. ಆಮೇಲೆ ಗಂಡನ ಮನೆಯವರದು. ಈಗೆಲ್ಲ ಗುಂಡ್ಲುಪೇಟೆ ಪೇಟೆಯಲ್ಲಿ ಮಾರು ಲೆಕ್ಕದಲ್ಲಿ ಮಲ್ಲಿಗೆ ತೆಗೆದುಕೊಂಡು ಹೋಗಿಬಿಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ರಾಚಯ್ಯನೂ ಸುಮ್ಮನಿದ್ದಿದ್ದರೆ ಮುಗಿದಿತ್ತು. ಆದರೆ ಬೀಗರನ್ನು ನೋಡುತ್ತ ನೋಡುತ್ತ ಅವನ ಬಾಯಿ ತಾನಾಗಿ ತೆರೆಯಿತು.

"ನನ್ ಮಗೀಗೆ ಅಂಗಡಿ ಹೂ ಮುಡ್ಸಲ್ಲ ನಾನು. ನಮ್ ಅಂಗಳದ್ದೇ ತತ್ತೀನಿ."

ನೆಂಟರು ಅಂಗಳದ ಕಡೆ ತಿರುಗಿ ನೋಡಿದರು. ಸುಣ್ಣದ ಕಲ್ಲುಗಳು ಹಲ್ಲು ಕಿರಿದುಕೊಂಡು ಕೂತಿದ್ದವು.

ಶಾಂತರಾಜು ಮಾತ್ರ ತುಂಬ ಒಳ್ಳೆಯತನದಿಂದ, "ಆಗ್ನಿಲ್ಲ ಅಂದ್ರೆ ಯೋಚ್ನೆ ಬ್ಯಾಡಿ ಬೀಗ್ರೇ, ನಮ್ಮಲ್ಲೇ ಕಿತ್ಕಂಡ್ರಾಯ್ತು. ದಂಡಿಯಾಗಿ ಅದೆ," ಎಂದರು.

ಬೈದಿದ್ದರೆ ಸಹಿಸಬಹುದಿತ್ತು. ಈ ಒಳ್ಳೆಯತನ ಗಾಯದ ಮೇಲೆ ಖಾರ ಅರೆದ ಹಾಗಾಯಿತು. ಬೀಗರ ಅಂಗಳದ ಹೂ ಕಿತ್ತು ಅದನ್ನೇ ತವರಿನ ಹೂ ಅಂತ ಮುಡಿಸುವುದೇ? ಅದಕ್ಕಿಂತ ಮಗಳು ಬರಿ ಜಡೆಯಲ್ಲಿ ಕೂರಲಿ ಎಂದುಕೊಂಡ. ಮುಹೂರ್ತ ಶ್ರಾವಣದ ಕೊನೆಗೆ ಅಂತ ಮಾತಾಯಿತು. ಅಲ್ಲಿಯವರೆಗೆ ಹೂ ಆಗಲೇಬೇಕು. ಗುಲಾಬಿ ತಂದ, ಸತ್ತಿತು. ಸೇವಂತಿಗೆ ತಂದ, ಸತ್ತಿತು.

ಜೂನ್ ಮುಗಿಯುತ್ತ ಬಂದಾಗ ಮಗಳನ್ನು ನೋಡುವ ನೆವ ಮಾಡಿ ಮತ್ತೆ ಉಡಿಗಾಲಕ್ಕೆ ಹೋದ. ಯಾರೂ ಇಲ್ಲದ ಹೊತ್ತು ನೋಡಿ ಕನಕಾಂಬರದ ಒಣಗಿದ ತೆನೆಗಳನ್ನು ಮುರಿದು ಅಂಗಿ ಜೇಬಿಗೆ ತುಂಬಿದ. ಬೀಗರಿಗೆ ಒಲಿದದ್ದು ಏನೋ ಈ ಬೀಜದಲ್ಲೇ ಇರಬೇಕು, ಅದನ್ನೇ ಕದ್ದರೆ ಆಯಿತು ಎಂಬ ಲೆಕ್ಕ. ಜೇಬು ಉಬ್ಬಿತು. ಮೇಲೆ ಟವಲ್ ಹೊದ್ದು ಊಟಕ್ಕೆ ಬಂದ. ಬೀಗಿತ್ತಿ ನೀಲಾವತಿ ಚೊಂಬಿನಲ್ಲಿ ಕೈಗೆ ನೀರು ಹಾಕಿದಳು. ಬಗ್ಗಿದಾಗ ಟವಲ್ ಜಾರಿ, ನೀರು ಜೇಬಿನ ಮೇಲೂ ಬಿತ್ತು.

ಕನಕಾಂಬರದ ಒಣಕಾಯಿಗೆ ನೀರು ಸೋಕಿದರೆ ಏನಾಗುತ್ತದೆ ಗೊತ್ತಾ? ಸ್ವಲ್ಪ ಹೊತ್ತು ನೆನೆದು, ಪಟ್ಟೆಂದು ಸಿಡಿದು, ಬೀಜ ಮಾರು ದೂರ ಎಸೆಯುತ್ತದೆ. ರಾಚಯ್ಯ ಎಲೆಯ ಮುಂದೆ ಕೂತ. ಮುದ್ದೆ ಮುರಿದ. ಎದೆಯಲ್ಲಿ ಟಪ್ ಅಂದಿತು. ಎಲ್ಲರೂ ನೋಡಿದರು. ಟಪ್, ಟಪ್. ಒಂದು ಬೀಜ ಬೀಗರ ಸಾರಿನಲ್ಲಿ ಬಿತ್ತು. ಇನ್ನೊಂದು ನೀಲಾವತಿಯ ಮೂಗುತಿಗೆ ತಗುಲಿತು. ಮೂರನೆಯದು ಗೋಡೆ ಗಡಿಯಾರಕ್ಕೆ ಹೊಡೆದು, ಎರಡು ವರ್ಷದಿಂದ ನಿಂತಿದ್ದ ಮುಳ್ಳು ಓಡಲು ಶುರುವಾಯಿತು. ಇದು ಮಾತ್ರ ನಿಜವಾಗಿ ನಿಜ.

"ಅಪ್ಪೋ, ಏನದು ಎದೇಲಿ?" ಎಂದಳು ಶಾಂತಿ.

"ಗ್ಯಾಸ್ ಕಣವ್ವ."

"ಗ್ಯಾಸು ಎದೆಯಿಂದ ಕಾಳು ಉಗಿಯಾದ ನಾನು ನೋಡೇ ಇಲ್ಲ," ಎಂದು ನೀಲಾವತಿ ಮೂಗು ಒರೆಸಿಕೊಂಡಳು.

ಶಾಂತರಾಜು ಸಾರಿನಿಂದ ಬೀಜ ಎತ್ತಿ ಎಲೆಯ ಅಂಚಿಗಿಟ್ಟು ನಿಧಾನಕ್ಕೆ ಹೇಳಿದರು: "ಕೇಳಿದ್ರೆ ಕೊಡ್ತಿರ್ನಿಲ್ವಾ ಬೀಗ್ರೇ. ಅದೂ ನಿಮ್ ಸಾಮಾನು ನಿಮಗೆ ಕೊಡಾಕೆ ಏನು."

"ನಮ್ ಸಾಮಾನಾ?"

"ಮದ್ವೆ ಆದ ತಿಂಗ್ಳಲ್ಲಿ ತೆಂಗಿನ ಸಸಿಗೆ ಅಂತ ಒಂದು ಟ್ರಾಕ್ಟರು ತಿಪ್ಪೆ ಗೊಬ್ಬರ ಕಳ್ಸಿದ್ರಲ್ಲ, ಮರ್ತೋಯ್ತಾ? ನಾನು ಅದ ಹರಡಕ್ಕೆ ಬೇಜಾರಾಗಿ ಇಲ್ಲೇ ಸುರಿಸ್ಬುಟ್ಟೆ. ಮೊದ್ಲನೇ ಮಳೆಗೆ ಅದೆಲ್ಲಾ ಎದ್ಕತು. ಇಷ್ಟೂ ನಿಮ್ ತಿಪ್ಪೇದೇ."

ರಾಚಯ್ಯನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ವರ್ಷ ವರ್ಷ ಅವನು ಕಿತ್ತು, ಕೆರೆದು, ಬುಟ್ಟಿಗಟ್ಟಲೆ ತಿಪ್ಪೆಗೆ ಸುರಿದ ಬೀಜ. ಎದುರಿಗೆ ಮೆರೆಯುತ್ತಿರುವುದು ಅದೇ. ಬೇರೆಯವನಿಗೆ ಸಮಾಧಾನ ಆಗುತ್ತಿತ್ತೇನೋ, ನನ್ನದೇ ಅಲ್ಲವಾ ಅಂತ. ರಾಚಯ್ಯನಿಗೆ ಉರಿ ದುಪ್ಪಟ್ಟಾಯಿತು. ನೀನು ಮಾರಿದ ಬಡಕಲು ಎತ್ತು ಕೊಂಡವನ ಮನೆಯಲ್ಲಿ ದಷ್ಟಪುಷ್ಟವಾಗಿ ನಿಂತು, ದಾರಿಯಲ್ಲಿ ನಿನ್ನನ್ನೇ ಗುರುತಿಸದೆ ಹೋದರೆ ಹೇಗಿರುತ್ತದೆ? ಹಾಗೆ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ, ಜೇಬಿನ ವಿಷಯ ಒಂದು ಬಿಟ್ಟು. ಅದನ್ನು ಶಾಂತಿ ಆಗಲೇ ಫೋನಿನಲ್ಲಿ ಹೇಳಿಯಾಗಿತ್ತು.

ಗುರುಮಲ್ಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಇವತ್ತಿಂದ ಎರಡು ತಿಂಗ್ಳು ಅಂಗ್ಳಕ್ಕೆ ಕಾಲಿಕ್ಕಬೇಡಿ. ಗುದ್ದಲಿ ಇಲ್ ಕೊಡಿ."

"ಕಳೆ ಬಂದ್ರೆ?"

"ಬರ್ಲಿ."

"ಯಾವುದು ಕಳೆ, ಯಾವುದು ಹೂ ಅಂತ ನೋಡಿ ಕಳೆ ಒಂದ ಮಾತ್ರ..."

"ನಿಮ್ಗೆ ಗೊತ್ತಾ ಯಾವ್ದು ಯಾವ್ದು ಅಂತ? ಎರಡೆಲೆಗಿಂತ ಜಾಸ್ತಿ ಬೆಳ್ಯಾಕೆ ಬುಟ್ಟಿದ್ದೀರಾ ಯಾವುದ್ನಾರಾ?"

ಅವಳು ಗುದ್ದಲಿ, ಕುಡುಗೋಲು ಎರಡನ್ನೂ ಮಂಚದ ಅಡಿಗೆ ಹಾಕಿ ಆ ಮಂಚದ ಮೇಲೆ ತಾನೇ ಮಲಗತೊಡಗಿದಳು.

ಆ ಎರಡು ತಿಂಗಳು ಬೇಗೂರು ಕಂಡ ಚೊಕ್ಕಟ ಹಿಂದೆಂದೂ ಕಂಡಿರಲಿಲ್ಲ. ಕೈ ನವೆ ತಡೆಯದೆ ರಾಚಯ್ಯ ಡೇರಿಯ ಮುಂದೆ ಕಿತ್ತ, ಪಂಚಾಯ್ತಿ ಹಿಂದೆ ಕಿತ್ತ, ಬಸ್ ನಿಲ್ದಾಣದ ಸಿಮೆಂಟು ಬಿರುಕಿನಲ್ಲಿದ್ದ ಹುಲ್ಲನ್ನು ಹೆಂಡತಿಯ ಹೇರ್‌ಪಿನ್ನಿನಿಂದ ಎಳೆದ. ಈ ಸಲ ಎಲೆಕ್ಷನ್‌ಗೆ ನಿಲ್ಲುತ್ತಾನೆ ಎಂದು ಸುದ್ದಿಯಾಗಿ ಇಬ್ಬರು ಮೆಂಬರುಗಳು ಅವನನ್ನು ಟೀಗೆ ಕರೆದರು. ಮನೆಗೆ ಬರುವಾಗ ಮಾತ್ರ ಕಣ್ಣಿಗೆ ಟವಲ್ ಅಡ್ಡ ಹಿಡಿದು ಅಂಗಳ ದಾಟುತ್ತಿದ್ದ. ನೋಡಿದರೆ ಕೈ ಹೋಗುತ್ತದೆ ಎಂಬ ಭಯ.

ಅಂಗಳ ಕಾಡಾಯಿತು. ತುಂಬೆ, ಅಣ್ಣೆ ಸೊಪ್ಪು, ಪಾರ್ಥೇನಿಯಂ, ಹೆಸರೇ ಇಲ್ಲದವು, ಎಲ್ಲ ಒಟ್ಟಿಗೆ ಎದ್ದವು. ಕರ್ಣಕುಂಡಲ ಒಂದೂ ಬರಲಿಲ್ಲ, ಅದರ ಬೀಜವನ್ನೆಲ್ಲ ಅವನು ತಲೆಮಾರಿಗಾಗುವಷ್ಟು ತಿಪ್ಪೆಗೆ ಸಾಗಿಸಿಬಿಟ್ಟಿದ್ದ. ಆದರೆ ಸಂಜೆಮಲ್ಲಿಗೆ ಬೇರೆ ಜಾತಿ. ಮೇಲೆ ಎಷ್ಟು ಕೆರೆದರೂ ಅದು ನೆಲದಡಿ ಗೆಡ್ಡೆ ಬಿಟ್ಟುಕೊಂಡು ಕೂತಿರುತ್ತದೆ. ಇವನು ತಲೆ ತರಿದಷ್ಟೂ ಕೆಳಗೆ ದಪ್ಪ ಆಗಿದ್ದ ಎರಡು ಗೆಡ್ಡೆ ಗೋಡೆಯ ಬುಡದಲ್ಲಿದ್ದವು, ಒಂದೊಂದೂ ನನ್ನ ತೊಡೆ ಗಾತ್ರ. ಸರಿ, ಮುಂಗೈ ಗಾತ್ರ. ಯಾರೂ ಮುಟ್ಟದ ಖುಷಿಗೆ ಅವು ಮೊಣಕಾಲೆತ್ತರ ಚಿಗುರಿ, ಮೊಗ್ಗು ಹಿಡಿದು, ಒಂದು ಸಂಜೆ ಹೂವನ್ನೇ ಬಿಟ್ಟವು. ಹಳದಿಗೆ ಗುಲಾಬಿ ಚುಕ್ಕಿ. ರಾಚಯ್ಯ ಟವಲ್ ಸರಿಸಿ ನೋಡಿದ. ಸ್ವಂತ ಅಂಗಳದ ಹೂವನ್ನು ಅವನು ನೋಡಿದ್ದು ಅದೇ ಮೊದಲು. ಓಡಿಹೋಗಿ ಎಣಿಸಿದ. ಆರು. ಬೀಗರ ಪೊದೆಯಲ್ಲಿ ಈಗ ಎಷ್ಟಿರಬಹುದು ಎಂದು ಆ ಕ್ಷಣವೇ ನೆನಪಾಗಿ ಖುಷಿ ಅರ್ಧ ಆಯಿತು.

ಹೂ ಮುಡಿಸುವ ಶಾಸ್ತ್ರಕ್ಕೆ ಇನ್ನು ಮೂರು ದಿನ ಇದೆ ಎನ್ನುವಾಗ ಬೀಗರ ಫೋನು ಬಂತು. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಅದಕ್ಕೇ ಶಾಸ್ತ್ರವನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟುಕೊಂಡಿದ್ದೇವೆ ಎಂದರು.

ರಾಚಯ್ಯ ಫೋನಿಟ್ಟು ಗೋಡೆಗೊರಗಿದ. "ಬೇಕು ಅಂತ್ಲೇ ಮಾಡವ್ನೆ ಕಣಮ್ಮಿ ಈ ಬೀಗ. ಸಂಜೆಮಲ್ಗೆ ಬೆಳಿಗ್ಗೆ ಅರಳಲ್ಲ ಅಂತ ಅವ್ನಿಗೆ ಗೊತ್ತು."

"ರಾಹುಕಾಲನ ಅವ್ರು ಮಾಡಿದ್ರಾ?"

"ಅವ್ನು ಮಾಡ್ಸಿರ್ತಾನೆ."

ಹಿಂದಿನ ಸಂಜೆ ಕಿತ್ತರೆ ಬೆಳಗಾಗುವಷ್ಟರಲ್ಲಿ ಬಾಡಿ ಬತ್ತಿಯಾಗುತ್ತದೆ. ಅಂದಿನ ಬೆಳಿಗ್ಗೆ ಕಿತ್ತರೆ ಬರಿ ಮೊಗ್ಗು. ರಾಚಯ್ಯ ಒಂದು ರಾತ್ರಿಯೆಲ್ಲ ಯೋಚಿಸಿ ಮಂಚದ ಅಡಿಯಿಂದ ಗುದ್ದಲಿ ಕೇಳಿದ. ಗುರುಮಲ್ಲಮ್ಮ ಪಕ್ಕದಲ್ಲೇ ನಿಂತು ಕಾದಳು, ಬೇರೆ ಕಡೆ ಕೈ ಹೋಗದಿರಲಿ ಎಂದು. ಎರಡೂ ಗಿಡವನ್ನು ಗೆಡ್ಡೆ, ಮಣ್ಣು ಸಮೇತ ಎತ್ತಿ ಎರಡು ಎಣ್ಣೆ ಡಬ್ಬಕ್ಕೆ ಇಳಿಸಿದ. ಭಾನುವಾರ ಮೊದಲನೇ ಬಸ್ಸಿಗೆ ಹೊರಟರು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಕೂತರು, ಮಡಿಲಕ್ಕಿ ಗಂಟು ಹೆಂಡತಿಯ ತೊಡೆಯ ಮೇಲೆ, ಕಾಡು ಇವನ ತೊಡೆಯ ಮೇಲೆ.

"ಅಮ್ಮಂಗೆ ಫ್ರೀ. ಡಬ್ಬಕ್ಕೆ ಲಗೇಜು ತಗಬೇಕು ಯಜಮಾನ್ರೇ," ಎಂದ ಕಂಡಕ್ಟರು.

"ಇವೂ ಹೆಣ್ಣೇ ಕಣಪ್ಪ. ಮಗಳ ಜಡೆಗೆ ಓಯ್ತಾವೆ."

"ಆಧಾರ್ ಕಾರ್ಡು ತೋರ್ಸು, ಬುಡ್ತೀನಿ."

ಉಡಿಗಾಲದಲ್ಲಿ ಚಪ್ಪರ, ನೆಂಟರು, ಪಾಯಸದ ವಾಸನೆ. ಶಾಂತಿ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ರಾಚಯ್ಯ ಎರಡು ಡಬ್ಬವನ್ನು ತಂದು ಅವಳ ಮುಂದಿಟ್ಟ. ಮೊಗ್ಗುಗಳೆಲ್ಲ ಛತ್ರಿ ಮಡಿಸಿದ ಹಾಗೆ ಬಿಗಿದುಕೊಂಡಿದ್ದವು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಹೂವೆಲ್ಲಿ?" ಎಂದಿತು ಒಂದು ಮುದುಕಿ.

"ಒಳಗವೆ. ಸಂಜೆಗೆ ಆಚೆಗೆ ಬತ್ತವೆ. ಅಲ್ಲೀತನಕ ಕಾಯ್ಬೇಕು."

"ಹನ್ನೊಂದಕ್ಕೆ ಗಳಿಗೆ, ಸಂಜೆ ರಾಹುಕಾಲ. ಇವ್ರೊಬ್ರು."

ಆಗ ಶಾಂತರಾಜು ಕುರ್ಚಿ ಬಿಟ್ಟು ಎದ್ದರು. ಎದ್ದದ್ದೇ ದೊಡ್ಡ ಸುದ್ದಿ. ಹತ್ತಿರ ಬಂದು ಮೆಲ್ಲಗೆ, "ಬೀಗ್ರೇ, ನಮ್ ಕನಕಾಂಬರ ಕಟ್ಟಿ ಮಡಗವ್ಳೆ ಮನೇವ್ಳು. ಅದೂ ನಿಮ್ ತಿಪ್ಪೇದೇ ಅಲ್ವಾ. ತವರಿನದು ಅಂತ ಅದ್ನೇ ಮುಡಿಸ್ಬುಡನ. ಯಾರಿಗೂ ಏನೂ ಗೊತ್ತಾಗಲ್ಲ," ಎಂದರು.

ದಾರಿ ತೆರೆದಿತ್ತು. ಹೂಂ ಅಂದಿದ್ದರೆ ಮಾತು ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು. ರಾಚಯ್ಯ ಗಟ್ಟಿಯಾಗಿ ಹೇಳಿದ, ಎಲ್ಲರಿಗೂ ಕೇಳುವ ಹಾಗೆ.

"ಬೀಜ ನಂದೇ ಇರ್ಬೋದು. ನಾನು ಕಿತ್ ಎಸ್ದಿದ್ದು ಅದು, ಬದುಕಕ್ಕೆ ಬುಟ್ಟಿದ್ದು ನೀವು. ಅದು ನಿಮ್ದು. ಇವೆರಡ ಮಾತ್ರ ನಾನು ಬುಟ್ಟಿದ್ದು. ಮುಡಿದ್ರೆ ಇದ ಮುಡೀಲಿ, ಇಲ್ದಿದ್ರೆ ಬ್ಯಾಡ."

ಶಾಂತಿ ಅಪ್ಪನ ಮುಖ ನೋಡಿದಳು, ಡಬ್ಬ ನೋಡಿದಳು. ಡಬ್ಬದಲ್ಲಿ ಸಂಜೆಮಲ್ಲಿಗೆಯ ಬುಡಕ್ಕೆ ಒಂದು ತುಂಬೆ ಗಿಡ, ಅಣ್ಣೆ ಸೊಪ್ಪು, ಒಂದು ಎಳೆ ಪಾರ್ಥೇನಿಯಂ ಕೂಡ ಇತ್ತು. ಒಂದನ್ನೂ ಕಿತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಅಪ್ಪನ ಕೈ ಕೆಳಗೆ ಕಳೆ ಉಳಿದದ್ದನ್ನು ನೋಡಿರಲಿಲ್ಲ.

"ಅತ್ತೆ," ಎಂದಳು ನೀಲಾವತಿಗೆ, "ಹನ್ನೊಂದಕ್ಕೆ ಬಳೆ ತೊಡ್ಸಿ, ಮಡಿಲಕ್ಕಿ ಹಾಕಿ, ಎಲ್ರಿಗೂ ಊಟ ಬಡ್ಸಿ. ಹೂ ಮಾತ್ರ ಆರು ಗಂಟೆ ಮೇಲೆ ಮುಡೀತೀನಿ. ನಮ್ಮಪ್ಪಂದು ಅರಳ್ಳಿ."

"ಅಲ್ಲೀಗಂಟ ಬರಿ ಜಡೇಲಿ ಕೂತಿರ್ತೀಯೇನಮ್ಮಿ?" ಎಂದಿತು ಮುದುಕಿ.

"ಜಡೆ ನಂದು ತಾನೆ ಅಜ್ಜಿ."

ಹಾಗೇ ಆಯಿತು. ರಾಚಯ್ಯ ಉಣ್ಣಲಿಲ್ಲ. ಡಬ್ಬದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ನಾಲ್ಕೂವರೆಗೆ ಮೋಡ ಕವಿಯಿತು. ಮೊದಲನೇ ಮೊಗ್ಗು ತಿರುಚು ಬಿಚ್ಚಿತು. ಎರಡು, ಮೂರು. ಅವನು ಎಣಿಸುತ್ತಿದ್ದಾನೆ, ಅಷ್ಟರಲ್ಲಿ ಮೂಗಿಗೆ ಗಮ್ಮೆಂದು ವಾಸನೆ ಬಡಿಯಿತು. ತಲೆಯೆತ್ತಿದರೆ ಬೀಗರ ಗೋಡೆಯುದ್ದದ ಪೊದೆ ಒಟ್ಟಿಗೆ ಅರಳುತ್ತಿದೆ, ನೂರಲ್ಲ, ಇನ್ನೂರಲ್ಲ. ರಾಚಯ್ಯ ಎದ್ದು, ಹೆಗಲ ಟವಲನ್ನು ಎರಡು ಕೈಯಲ್ಲಿ ಹರವಿ ಹಿಡಿದು, ಮಗಳ ಕಣ್ಣಿಗೂ ಆ ಪೊದೆಗೂ ಅಡ್ಡ ನಿಂತ. ರಾಹುಕಾಲ ಮುಗಿಯುವವರೆಗೂ ಹಾಗೇ ನಿಂತಿದ್ದ. ಅಳಿಯ ಪ್ರದೀಪ ಬಂದು, "ಮಾವ, ಕೈ ನೋಯಲ್ವಾ?" ಎಂದರೆ, "ಸೆಕೆ, ಗಾಳಿ ಬೀಸ್ತಾ ಇವ್ನಿ," ಎಂದ.

ಒಟ್ಟು ಹದಿನಾಲ್ಕು ಹೂವು. ಸಂಜೆಮಲ್ಲಿಗೆಗೆ ದಾರ ಬೇಡ, ಅದರ ಉದ್ದನೆಯ ತೊಟ್ಟನ್ನೇ ಜಡೆ ಹೆಣೆದ ಹಾಗೆ ಹೆಣೆಯುತ್ತಾರೆ. ಗುರುಮಲ್ಲಮ್ಮ ಹೆಣೆದಳು. ಹಲ್ಲಿ ಬಾಲದಷ್ಟಾಯಿತು. ಆರು ಹೊಡೆಯಿತು, ದೀಪ ಹಚ್ಚಿದರು. ಮಗಳ ಬರಿ ಜಡೆಗೆ ಮೊದಲು ಏರಿದ್ದು ಅದೇ ಹಲ್ಲಿ ಬಾಲ. ಶಾಂತಿ ಕೈ ಹಿಂದೆ ಹಾಕಿ ಮುಟ್ಟಿ ನೋಡಿಕೊಂಡು ನಕ್ಕಳು, ಬಾಯಿ ತೆರೆದು. ರಾಚಯ್ಯ ಟವಲಿನಲ್ಲಿ ಮುಖ ಒರೆಸಿಕೊಂಡ.

ಅದಾದ ಮೇಲೆ ನೀಲಾವತಿ ನಾಲ್ಕು ಮೊಳ ಕನಕಾಂಬರ ತಂದು ಅದರ ಮೇಲೆ ಸುತ್ತಿದಳು. ರಾಚಯ್ಯ ಅಳಿಯನನ್ನು ಪಕ್ಕಕ್ಕೆ ಕರೆದ. "ಫೋಟೋ ಹೊಡಿ. ಕೆಂಪು ಹೂ ಬರ್ಬಾರ್ದು."

"ಅದೇ ಅಲ್ವಾ ಮಾವ ಜಾಸ್ತಿ ಇರದು."

"ಅದ್ಕೇ ಹೇಳಿದ್ದು."

ಹೊರಡುವ ಹೊತ್ತಿಗೆ ಶಾಂತರಾಜು, "ಡಬ್ಬ ಇಲ್ಲೇ ಮಡಗಿ ಬೀಗ್ರೇ, ಭಾರ ಯಾಕೆ, ಇಲ್ಲೇ ಬದ್ಕತವೆ," ಎಂದರು. ಬದುಕುತ್ತವೆ ಅಂತ ಗೊತ್ತಿದ್ದದ್ದಕ್ಕೇ ರಾಚಯ್ಯ ಎರಡನ್ನೂ ಎದೆಗವಚಿಕೊಂಡ. ಎತ್ತುವಾಗ ಗಿಡ ಅಲುಗಿ ಮೆಣಸುಕಾಳಿನಂಥ ಕಪ್ಪು ಬೀಜಗಳು ಬೀಗರ ಅಂಗಳಕ್ಕೆ ಉದುರಿದವು. ಇನ್ನೂ ನನ್ನ ಬೀಜ ಬೇಕಾ ಇವರಿಗೆ? ಅವನು ಡಬ್ಬ ಕೆಳಗಿಟ್ಟು ಮಂಡಿಯೂರಿ ಒಂದೊಂದೇ ಆರಿಸತೊಡಗಿದ. ಮಗಳು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಾಳೆ, ಗುರುಮಲ್ಲಮ್ಮ ಬಸ್ಸು ತಪ್ಪುತ್ತದೆ ಎಂದು ಬಯ್ಯುತ್ತಿದ್ದಾಳೆ, ಇವನು ಮಣ್ಣಲ್ಲಿ ಬೆರಳಾಡಿಸುತ್ತಿದ್ದಾನೆ. ಇಪ್ಪತ್ತಮೂರು ಸಿಕ್ಕವು. ಇಪ್ಪತ್ತನಾಲ್ಕನೆಯದು ಉರುಳಿ ಹೋಗಿ ಬೀಗರ ಚಪ್ಪಲಿಯ ಕೆಳಗೆ ಸೇರಿತ್ತು. ಚಪ್ಪಲಿ ಎತ್ತಿ ಅಂದರೆ ಆ ಮನುಷ್ಯ ಎತ್ತುತ್ತಾನಾ? ಆಗ ರಾಚಯ್ಯ ಏನು ಮಾಡಿದ ಗೊತ್ತಾ, ನಿಧಾನಕ್ಕೆ ಬಗ್ಗಿ, ಬೀಗರ ಕಾಲು...

"ತಾತೋ, ಮುದ್ದೆ ಆರೋಯ್ತಾ ಅದೆ. ಉಣ್ಣಾಕೆ ಬತ್ತೀಯಾ, ನಾಯಿಗೆ ಇಕ್ಕನಾ?"

ಬಂದೆ ಕಣಮ್ಮಿ ಭಾನು, ಬಂದೆ.